ಹಿಮ್ಮೇಳಕ್ಕೆ ಬೇಕಾದ ದನಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಚೈನು ಕಡಿದು ಕೊಚ್ಚಿಹೋಯಿತು. ಮೂವತ್ತಮೂರು ಗೇಟುಗಳ ಈ ಅಣೆಕಟ್ಟಿನ ಎಪ್ಪತ್ತು ವರ್ಷಗಳ ಬಾಳಿನಲ್ಲಿ ಅಂಥದ್ದು ಎಂದೂ ಆಗಿರಲಿಲ್ಲ. ಜಲಾಶಯ ತುಂಬಿದ್ದ ಹೊತ್ತು. ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರಿನ ರೈತರು ನಂಬಿ ಕೂತಿದ್ದ ನೀರು ಹಗಲಿರುಳು ಹೊಳೆಯ ಪಾಲಾಗುತ್ತಿತ್ತು. ಆಗ ಹೊಸಪೇಟೆಗೆ ಕರೆಸಿಕೊಂಡದ್ದು ಗೇಟುಗಳ ಕೆಲಸದಲ್ಲೇ ಆಯುಷ್ಯ ಸವೆಸಿದ್ದ ಕನ್ನಯ್ಯ ನಾಯ್ಡು ಅವರನ್ನು. ಎಂಬತ್ತರ ಸಮೀಪದ ವಯಸ್ಸು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಒಂದು ವಾರದೊಳಗೆ ಆ ಬಾಯಿಯನ್ನು ಮುಚ್ಚಿಸಿದರು. ಆ ವಯಸ್ಸಿನಲ್ಲೂ ಇಷ್ಟು ಕಸುವೇ ಎಂದು ಜನ ಬೆರಗಾದರು. ಬೆರಗು ಸಹಜವೇ. ಆದರೆ ಆ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅವರನ್ನು ಕರೆಸಿದವರು ಹಿರಿಯರೊಬ್ಬರಿಗೆ ಗೌರವ ಸಲ್ಲಿಸಲೆಂದು ಕರೆಸಿರಲಿಲ್ಲ, ಅವರಿಲ್ಲದೆ ಕೆಲಸ ನಡೆಯದು ಎಂದು ಕರೆಸಿದ್ದರು. ವಯಸ್ಸಾದವರನ್ನು ಊರಿನ ಬದುಕಿನೊಳಗೆ ಹಿಡಿದಿಡುವ ಕೂಟ ಯಾವುದು, ಹೊರಗಿಡುವ ಕೂಟ ಯಾವುದು ಎಂದು ತಿಳಿಯಲು ಈ ವ್ಯತ್ಯಾಸ ಸಾಕು. ಹೊಸಪೇಟೆಯಿಂದ ಹಂಪಿ, ಕಂಪ್ಲಿ, ದರೋಜಿ ಹಾದು ಸಂಡೂರಿಗೆ ಹೋಗುವ ದಾರಿ ಅದನ್ನು ಮತ್ತೆ ಮತ್ತೆ ತೋರಿಸುತ್ತದೆ.

2011ರ ಜನಗಣತಿಯಲ್ಲೇ ಕರ್ನಾಟಕದ ನೂರು ಮಂದಿಯಲ್ಲಿ ಒಂಬತ್ತೂವರೆ ಮಂದಿ ಅರವತ್ತು ದಾಟಿದವರಿದ್ದರು. ಆ ಪಾಲು ಏರುತ್ತಲೇ ಇದೆ. ಹೊಸಪೇಟೆಯಂಥ ಊರಿನಲ್ಲಿ ಅವರಿಗೆ ಕೂಡುವ ಜಾಗಗಳಿಗೆ ಕೊರತೆಯಿಲ್ಲ. ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ ಪ್ರವಚನ ಶುರುವಾಗುತ್ತದೆ. ಬೆಳಗಿನ ನಡಿಗೆಯವರ ಗುಂಪುಗಳಿವೆ, ನಿವೃತ್ತ ನೌಕರರ ಸಂಘಗಳಿವೆ, ಅರಳಿಕಟ್ಟೆಗಳಿವೆ. ಅಕ್ಟೋಬರ್ 1 ವಿಶ್ವಸಂಸ್ಥೆ ಗೊತ್ತುಮಾಡಿದ ಹಿರಿಯರ ದಿನ. ಅಂದು ಜಿಲ್ಲಾ ಕೇಂದ್ರಗಳಲ್ಲಿ ಸಭೆ ಸೇರುತ್ತದೆ, ಶಾಲು ಹೊದಿಸುತ್ತಾರೆ, ಹಣ್ಣಿನ ಬುಟ್ಟಿ ಕೊಡುತ್ತಾರೆ, ಊಟ ಹಾಕುತ್ತಾರೆ. ಇದನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ವರ್ಷವಿಡೀ ಯಾರೂ ಮಾತನಾಡಿಸದ ಒಬ್ಬ ತಾತನಿಗೆ ಆ ಶಾಲೂ ದೊಡ್ಡದೇ. ಆದರೂ ಅಂಥ ಸಭೆಯಲ್ಲಿ ಹಿರಿಯರು ಅತಿಥಿಗಳು. ಅತಿಥಿ ಬಾರದಿದ್ದರೆ ಕುರ್ಚಿಯೊಂದು ಖಾಲಿ ಉಳಿಯುತ್ತದೆ, ಸಭೆ ಮಾತ್ರ ನಡೆದೇ ನಡೆಯುತ್ತದೆ. ಅದೇ ಊರಿನ ನಿವೃತ್ತ ನೌಕರರ ಸಂಘದಲ್ಲಿ ಪಿಂಚಣಿಯ ಕಾಗದಪತ್ರ ಬಲ್ಲ ಒಬ್ಬರಿರುತ್ತಾರೆ. ತೀರಿಕೊಂಡ ಸಹೋದ್ಯೋಗಿಯ ಹೆಂಡತಿಗೆ ಕುಟುಂಬ ಪಿಂಚಣಿಯ ಅರ್ಜಿ ತುಂಬಿಕೊಡುವುದು, ಖಜಾನೆಗೆ ಜೊತೆಯಲ್ಲಿ ಹೋಗಿಬರುವುದು, ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಯಾರದು ಬಾಕಿ ಎಂದು ನೆನಪಿಟ್ಟು ಫೋನು ಮಾಡುವುದು ಅವರ ಕೆಲಸ. ಅವರು ಒಂದು ತಿಂಗಳು ಹಾಸಿಗೆ ಹಿಡಿದರೆ ಹತ್ತು ಮನೆಗಳಿಗೆ ಗೊತ್ತಾಗುತ್ತದೆ.

ಹೊಸಪೇಟೆಯಿಂದ ಹಂಪಿಗೆ ಹನ್ನೆರಡು ಹದಿಮೂರು ಕಿಲೋಮೀಟರು. ವಿಠ್ಠಲ ದೇಗುಲದ ಹತ್ತಿರ ತುಂಗಭದ್ರೆಯ ಅಂಚಿನಲ್ಲಿ ಪುರಂದರ ಮಂಟಪವಿದೆ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಅದು ಮುಳುಗುತ್ತದೆ. ಪುಷ್ಯಮಾಸದ ಹೊತ್ತಿಗೆ ಹೊಳೆ ಇಳಿದು ಕಲ್ಲುಗಂಬಗಳು ಒಣಗಿರುತ್ತವೆ. ಪುಷ್ಯ ಬಹುಳ ಅಮಾವಾಸ್ಯೆ ಪುರಂದರದಾಸರ ಪುಣ್ಯದಿನ. ಆರಾಧನೆಗೆ ಬರುವ ಭಜನಾ ಮಂಡಳಿಗಳಲ್ಲಿ ಅರವತ್ತು ದಾಟಿದ ಹೆಂಗಸರು ಎದ್ದು ಕಾಣುತ್ತಾರೆ. ಹೊರಗಿನಿಂದ ನೋಡಿದವರಿಗೆ ಅದು ಒಂದು ದಿನದ ಕಾರ್ಯಕ್ರಮ. ಒಳಗಿನವರಿಗೆ ಅದು ಇಡೀ ವರ್ಷದ ವ್ಯವಸಾಯ. ವಾರಕ್ಕೆ ಒಂದೋ ಎರಡೋ ಸಂಜೆ ಯಾರದೋ ಮನೆಯ ನಡುಮನೆಯಲ್ಲಿ ಕೂತು ಒಂದು ಪದವನ್ನು ಕಲಿಯಬೇಕು. ಯಾವ ರಾಗ, ಎತ್ತುಗಡೆ ಯಾರದು, ಚರಣದ ಕೊನೆಯಲ್ಲಿ ತಾಳ ಎಲ್ಲಿ ಬೀಳಬೇಕು ಎಂದು ತೀರ್ಮಾನಿಸಬೇಕು. ಕಣ್ಣು ಮಂಜಾದವರಿಗೆಂದು ನೋಟುಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಡುತ್ತಾರೆ. ಆದರೂ ಎಪ್ಪತ್ತು ದಾಟಿದ ಒಬ್ಬರು ಪುಸ್ತಕ ತೆರೆಯುವುದೇ ಇಲ್ಲ. ಹಾಡುವವಳಿಗೆ ಮೂರನೆಯ ಚರಣ ಮರೆತು ದನಿ ತಡವರಿಸಿದ ಕ್ಷಣದಲ್ಲಿ ಮೊದಲ ಪದವನ್ನು ಮೆಲ್ಲಗೆ ಎತ್ತಿಕೊಡುವವರು ಅವರೇ. ಅವರ ದನಿ ಒಡೆದಿರಬಹುದು, ಮೇಲಿನ ಷಡ್ಜ ಮುಟ್ಟದೆ ಇರಬಹುದು. ಮಂಡಳಿಗೆ ಅವರು ಬೇಕಾದುದು ದನಿಗಾಗಿಯಲ್ಲ, ನೆನಪಿಗಾಗಿ. ಮೈಯ ಶಕ್ತಿ ಇಳಿಯುತ್ತಿರುವಾಗಲೂ ಬೆಲೆ ಏರುತ್ತ ಹೋಗುವ ಕೆಲಸಗಳು ಲೋಕದಲ್ಲಿ ತೀರ ಕಡಿಮೆ. ಭಜನೆಯ ಕೂಟ ಅಂಥ ಒಂದು ಕೆಲಸವನ್ನು ಉಳಿಸಿಕೊಂಡಿದೆ.

ಇದಕ್ಕೊಂದು ತಕರಾರು ಇದೆ, ಅದು ನ್ಯಾಯವಾದದ್ದು. ಭಜನೆಗೆ ಬರುವವರು ಮೊದಲೇ ಗಟ್ಟಿಮುಟ್ಟಾದವರು. ಮೊಣಕಾಲು ನೋವಿನವರು, ಮನಸ್ಸು ಕುಗ್ಗಿದವರು ಮನೆಯಲ್ಲೇ ಉಳಿದಿರುತ್ತಾರೆ. ಹಾಗಿರುವಾಗ ಕೂಟದಿಂದ ಆರೋಗ್ಯ ಬಂತೋ, ಆರೋಗ್ಯವಿದ್ದುದರಿಂದ ಕೂಟಕ್ಕೆ ಬಂದರೋ ಎಂದು ಕೇಳುತ್ತಾರೆ. ಮನೋವಿಜ್ಞಾನಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದರು. ಜನರೊಂದಿಗೆ ಗಟ್ಟಿ ಸಂಬಂಧವಿದ್ದವರು ಬದುಕುಳಿಯುವ ಸಾಧ್ಯತೆ ಇಲ್ಲದವರಿಗಿಂತ ಶೇಕಡ 50ರಷ್ಟು ಹೆಚ್ಚಿತ್ತು. ಆದರೆ ಮೇಲಿನ ತಕರಾರಿಗೆ ಆ ಅಂಕಿಯೊಂದೇ ಪೂರ್ತಿ ಉತ್ತರವಾಗದು. ಹೆಚ್ಚು ಹತ್ತಿರದ ಉತ್ತರ ಸಿಕ್ಕಿದ್ದು ಜಪಾನಿನ ಐಚಿ ಪ್ರಾಂತ್ಯದ ತಾಕೆತೊಯೊ ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿ 2007ರಿಂದ ಮುದುಕರಿಗಾಗಿ ಓಣಿ ಓಣಿಯಲ್ಲಿ ಕೂಟಗಳನ್ನು ತೆರೆದರು. ನಡೆಸುವವರೂ ಊರಿನ ಸ್ವಯಂಸೇವಕರೇ. ಹಾಡು, ಆಟ, ಚಹಾ, ಹರಟೆ. ಸಂಶೋಧಕರು ಜಾಣತನದ ಒಂದು ಕೆಲಸ ಮಾಡಿದರು. ಯಾರ ಮನೆಯಿಂದ ಕೂಟದ ಜಾಗ ಎಷ್ಟು ದೂರ ಎಂದು ಅಳೆದರು. ಮನೆ ಹತ್ತಿರವಿರುವುದು ಆರೋಗ್ಯದ ಫಲವಲ್ಲ, ಅದೃಷ್ಟದ್ದು. ಹತ್ತಿರವಿದ್ದವರು ಹೆಚ್ಚಾಗಿ ಬಂದರು, ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಇನ್ನೊಬ್ಬರ ಆರೈಕೆಯ ಆಸರೆ ಬೇಕಾಗುವ ಸ್ಥಿತಿ ಕಡಿಮೆ ಕಂಡಿತು. ಕೂಟಕ್ಕೇ ಒಂದು ಶಕ್ತಿಯಿದೆ ಎನ್ನಲು ಇದು ಒಳ್ಳೆಯ ಆಧಾರ. ಅದಕ್ಕಿಂತ ದೊಡ್ಡ ಪಾಠವೆಂದರೆ ಮುದಿವಯಸ್ಸಿನಲ್ಲಿ ದೂರ ಎಷ್ಟು ನಿರ್ಣಾಯಕ ಎಂಬುದು. ಇಪ್ಪತ್ತರಲ್ಲಿ ಲೆಕ್ಕಕ್ಕೇ ಬಾರದ ಅರ್ಧ ಮೈಲಿ, ಎಪ್ಪತ್ತೈದರಲ್ಲಿ ಒಂದು ಊರಿನಷ್ಟಾಗುತ್ತದೆ.

ಈ ಅಳತೆಗೋಲನ್ನು ಹಿಡಿದು ಹಂಪಿಯ ರಥಬೀದಿಯನ್ನು ನೋಡಬೇಕು. ವಿರೂಪಾಕ್ಷನ ಗೋಪುರದೆದುರಿನ ಸಾಲುಮಂಟಪಗಳಲ್ಲಿ ಮನೆಮಾಡಿಕೊಂಡು, ಅಂಗಡಿ ಹೋಟೆಲು ಇಟ್ಟುಕೊಂಡು ಜನ ಬದುಕಿದ್ದರು. 2011ರ ಜುಲೈ ಕೊನೆಯಲ್ಲಿ ಅವುಗಳನ್ನು ತೆರವುಗೊಳಿಸಲಾಯಿತು. ಬದಲಿ ಜಾಗವೆಂದು ಕೊಟ್ಟದ್ದು ಕೆಲವು ಕಿಲೋಮೀಟರ್ ಆಚೆಯ ಕಡ್ಡಿರಾಂಪುರದ ಕಡೆ. 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ತಾಣವಿದು, ಐನೂರು ವರ್ಷದ ಕಲ್ಲುಗಂಬಕ್ಕೆ ಸಿಮೆಂಟು ಗೋಡೆ ಕಟ್ಟುವುದನ್ನು ಯಾರೂ ಸಮರ್ಥಿಸಲಾಗದು. ಸ್ಮಾರಕಗಳನ್ನು ಕಾಯಬೇಕೆಂಬ ವಾದದಲ್ಲಿ ಸತ್ಯವಿದೆ. ಆದರೆ ಆ ವಾದದ ತಕ್ಕಡಿಯಲ್ಲಿ ಒಂದು ಬಟ್ಟು ಇಡುವುದನ್ನೇ ಮರೆತರು. ಗುಡಿಯ ಗಂಟೆ ಕೇಳುವಷ್ಟು ಹತ್ತಿರವಿದ್ದು, ಬೆಳಗಿನ ಪೂಜೆಗೆ ಹೂ ಕಟ್ಟಿಕೊಡುವುದು, ಚೈತ್ರದ ಹುಣ್ಣಿಮೆಯ ತೇರಿಗೆ, ಫಲಪೂಜೆಗೆ ಯಾವ ಮನೆಯದು ಯಾವ ಕೆಲಸ ಎಂದು ನೆನಪಿಟ್ಟುಕೊಳ್ಳುವುದು, ಯಾತ್ರಿಕರಿಗೆ ಸ್ಥಳದ ಕಥೆ ಹೇಳುವುದು, ಇವೆಲ್ಲ ರಥಬೀದಿಯಂಥ ಕಡೆ ಹಿರಿಯರ ಪಾಲಿನ ಕೆಲಸ. ಹರೆಯದವರು ಬೈಕು ಹತ್ತಿ ಐದು ನಿಮಿಷದಲ್ಲಿ ಮತ್ತೆ ಅಲ್ಲಿಗೇ ಬರಬಲ್ಲರು. ಬೈಕು ಓಡಿಸದ ಅಜ್ಜಿಗೆ ಆ ದಾರಿ ಮುಗಿದಂತೆಯೇ. ಸ್ಥಳಾಂತರದ ಪರಿಹಾರವನ್ನು ಚದರಡಿಯಲ್ಲಿ, ರೂಪಾಯಿಯಲ್ಲಿ ಲೆಕ್ಕ ಹಾಕುವ ನಮ್ಮ ಪದ್ಧತಿಯಲ್ಲಿ ನಡೆದುಹೋಗಬಹುದಾದ ದೂರಕ್ಕೆ ಒಂದು ಕಾಲಂ ಇಲ್ಲ.

ಹಂಪಿ ಉತ್ಸವದ ಮಾತೂ ಇಲ್ಲಿ ಬರಬೇಕು. ಹೂವಿನಹಡಗಲಿಯ ರಾಜಕಾರಣಿ ಎಂ. ಪಿ. ಪ್ರಕಾಶರು ಕಂಡ ಕನಸು ಅದು. ಸ್ವತಃ ರಂಗಭೂಮಿಯವರಾಗಿದ್ದ ಅವರಿಗೆ ಈ ಸೀಮೆಯ ಕಲಾವಿದರ ಪರಿಚಯ ಚೆನ್ನಾಗಿತ್ತು. ಉತ್ಸವದಲ್ಲಿ ಜನಪದ ತಂಡಗಳ ಮೆರವಣಿಗೆ ಇರುತ್ತದೆ, ತಂಡಗಳಿಗೆ ಸಂಭಾವನೆ ಸಿಗುತ್ತದೆ, ಊರಿನಾಚೆ ಹೆಸರು ತಿಳಿಯುತ್ತದೆ. ಅಷ್ಟರಮಟ್ಟಿಗೆ ಒಳ್ಳೆಯದೇ. ಆದರೆ ಇಡೀ ರಾತ್ರಿಯ ಕಥೆಯನ್ನು ಬಲ್ಲವರಿಗೆ ಅಲ್ಲಿ ಸಿಗುವುದು ಕೆಲವು ನಿಮಿಷ, ಅದೂ ಸಿನಿಮಾ ಗಾಯಕರ ಕಾರ್ಯಕ್ರಮಕ್ಕೆ ಮೊದಲು. ಊರಿನ ಹಿರಿಯರು ನೋಡುಗರಾಗಿ ಬಂದರೆ ಬೇಲಿಯ ಆಚೆ ನಿಲ್ಲಬೇಕು. ಮೂರು ದಿನದ ಬೆಳಕು ಆರಿದ ಮೇಲೆ ಊರಿನ ಕೂಟದಲ್ಲಿ ಏನು ಉಳಿಯಿತು ಎಂಬ ಪ್ರಶ್ನೆ ಉತ್ಸವದ ಲೆಕ್ಕಪತ್ರದಲ್ಲಿ ಇರುವುದಿಲ್ಲ.

ಕಮಲಾಪುರ ದಾಟಿ ಬುಕ್ಕಸಾಗರ, ರಾಮಸಾಗರಗಳ ಮೇಲೆ ಕಂಪ್ಲಿಗೆ ಸಾಗುವ ದಾರಿ ಬಾಳೆ, ಭತ್ತ, ಕಬ್ಬಿನ ನಡುವೆ ಹೋಗುತ್ತದೆ. ವಿಜಯನಗರದ ಕಾಲದ ಕಾಲುವೆಗಳು ಇನ್ನೂ ಹರಿಯುವ ಸೀಮೆ. ಇಲ್ಲಿಯ ಹಳ್ಳಿಗಳಲ್ಲಿ ಬಯಲಾಟವೆಂದರೆ ಒಂದು ರಾತ್ರಿಯ ಆಟ, ಅದರ ಹಿಂದೆ ತಿಂಗಳುಗಟ್ಟಲೆ ತಾಲೀಮು. ಒಕ್ಕಣೆಯ ಕೆಲಸ ಹಗುರಾದ ಮೇಲೆ ಗುಡಿಯ ಮುಂದೆಯೋ ಚಾವಡಿಯಲ್ಲೋ ರಾತ್ರಿ ಊಟವಾದ ಬಳಿಕ ಸೇರುತ್ತಾರೆ. ಪೇಟಿ ಹಿಡಿದ ಮಾಸ್ತರ ಸಾಮಾನ್ಯವಾಗಿ ವಯಸ್ಸಾದವನು. ಅವನ ಮುಂದೆ ಬಟ್ಟೆ ಸುತ್ತಿದ ಕೈಬರಹದ ಪ್ರತಿ. ಭೀಮನ ಪಾತ್ರದ ಹುಡುಗ ಹೆಜ್ಜೆ ತಪ್ಪಿದರೆ ಪೇಟಿ ನಿಲ್ಲುತ್ತದೆ. ಆಗ ಹಿಂದೆ ಅದೇ ಪಾತ್ರ ಮಾಡಿ ಈಗ ಮೊಣಕಾಲು ಸೋತು ಗೋಡೆಗೊರಗಿ ಕೂತವನು ಎದ್ದು, ಎರಡೇ ಹೆಜ್ಜೆ ಹಾಕಿ ತೋರಿಸಿ, ಉಸಿರು ಬಿಡುತ್ತಾ ಮತ್ತೆ ಕೂರುತ್ತಾನೆ. ಆ ಎರಡು ಹೆಜ್ಜೆಯೇ ತಾಲೀಮಿನ ತಿರುಳು. ಅಲ್ಲಿ ಮೂರು ತಲೆಮಾರು ಒಂದೇ ದೀಪದ ಕೆಳಗೆ ಇರುತ್ತವೆ, ಯಾರೂ ಯಾರನ್ನೂ ರಂಜಿಸಲು ಬಂದಿರುವುದಿಲ್ಲ. ಎಲ್ಲರಿಗೂ ಒಂದು ದಿನಾಂಕ ತಲೆಯ ಮೇಲಿರುತ್ತದೆ. ಹಿರಿಯರಿಗೆಂದೇ ಪ್ರತ್ಯೇಕವಾಗಿ ತೆರೆದ ಹಗಲು ಕೇಂದ್ರಗಳಲ್ಲಿ ಪತ್ರಿಕೆ, ಕೇರಂ, ಟಿವಿ ಎಲ್ಲ ಇದ್ದೂ ಇರದಿರುವುದು ಇದೇ, ಕೊನೆಯ ದಿನದ ಆ ಅವಸರ ಮತ್ತು ಕಲಿಯಲು ಬಂದು ಕೂತ ಹುಡುಗ. ಕಂಪ್ಲಿ, ಸಂಡೂರಿನ ಕಡೆ ಮೊಹರಂ ಹಬ್ಬವೂ ಹೀಗೆಯೇ. ಹಿಂದೂ ಮನೆಗಳವರೂ ಸೇರಿ ಮಾಡುವ ಈ ಹಬ್ಬದಲ್ಲಿ ಅಲಾಯಿ ಕುಣಿಯ ಸುತ್ತ ರಿವಾಯತ್ ಪದಗಳನ್ನು ಹಾಡಲು, ಹೆಜ್ಜೆ ಮೇಳಕ್ಕೆ ತಾಳ ಹಿಡಿಯಲು ಊರಿನ ಹಳಬರೇ ಬೇಕು.

ಕಂಪ್ಲಿಯೆಂದರೆ ಗಂಡುಗಲಿ ಕುಮಾರರಾಮನ ನೆನಪು. ಅವನ ತಂದೆ ಕಂಪಿಲರಾಯನ ರಾಜ್ಯ 1327ರಲ್ಲಿ ದಿಲ್ಲಿಯ ತುಘಲಕನ ಸೇನೆಗೆ ಬಿತ್ತು. ಅದಾಗಿ ಹತ್ತು ವರ್ಷ ತುಂಬುವುದರೊಳಗೆ ವಿಜಯನಗರ ಎದ್ದಿತು. ಶಾಸನ, ಬಖೈರು, ಕಾವ್ಯಗಳಲ್ಲಿ ಕುಮಾರರಾಮ ಸಿಗುತ್ತಾನೆ, ನಿಜ. ಆದರೆ ಅವನನ್ನು ಆರು ನೂರು ವರ್ಷ ಹಳ್ಳಿಯ ಬಾಯಲ್ಲಿ ಹೊತ್ತು ತಂದವರು ಹಾಡುವವರು. ಅವರಲ್ಲಿ ನಮ್ಮ ಕಾಲದ ದೊಡ್ಡ ಹೆಸರು ದರೋಜಿಯ ಈರಮ್ಮ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ನೆಲೆನಿಂತ ಬುಡ್ಗಜಂಗಮ ಅಲೆಮಾರಿ ಸಮುದಾಯದ ಹೆಣ್ಣುಮಗಳು. ಹುಟ್ಟಿದ್ದು 1930ರಲ್ಲಿ. ಓದು ಬರಹ ಬಾರದು. ಹನ್ನೆರಡು ಜನಪದ ಮಹಾಕಾವ್ಯಗಳು ಅವರ ನೆನಪಿನಲ್ಲಿದ್ದವು, ಅಚ್ಚು ಹಾಕಿದರೆ ಏಳು ಸಾವಿರ ಪುಟಗಳಷ್ಟಾದೀತು ಎಂದು ಅಂದಾಜು ಮಾಡಿದ್ದರು. ಅವರು ಹಾಡುತ್ತಿದ್ದ ಬುರ್ರಕಥೆಯಲ್ಲಿ ಕಥೆ ನಡೆಸುವವಳು ಒಂದು ಸಾಲು ಎತ್ತುತ್ತಾಳೆ, ಹಿಮ್ಮೇಳದ ಇಬ್ಬರು ವಾದ್ಯ ಬಾರಿಸುತ್ತಾ ಅದನ್ನು ಹಿಡಿದು ಮರಳಿಸುತ್ತಾರೆ. ಆ ಹೊತ್ತಿನಲ್ಲಿ ಮುಂದಿನ ಸಾಲು ಅವಳ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತದೆ. ಅಂದರೆ ನೆನಪೆಂಬುದು ಒಬ್ಬಳ ತಲೆಯಲ್ಲಿ ಮಾತ್ರ ಇರುವುದಲ್ಲ, ಕೂಟದ ಉಸಿರಾಟದಲ್ಲೂ ಇರುತ್ತದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ಈರಮ್ಮನವರಿಗೆ ನಾಡೋಜ ಗೌರವ ನೀಡಿದಾಗ ಅವರಿಗೆ ಎಪ್ಪತ್ತು ದಾಟಿತ್ತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಬದುಕಿನ ಕೊನೆಯ ದಶಕಗಳಲ್ಲಿ ಅವರು ಮೂಲೆಗೆ ಸರಿಯಲಿಲ್ಲ, ಇನ್ನಷ್ಟು ನಡುವಿಗೆ ಬಂದರು. ವಿದ್ವಾಂಸರು ಅವರ ಮನೆ ಹುಡುಕಿಕೊಂಡು ಹೋದರು, ಅವರ ಬಾಯಿಂದ ಬಂದದ್ದನ್ನು ಬರೆದುಕೊಂಡರು.

ಇಲ್ಲಿ ಇನ್ನೊಂದು ತಕರಾರನ್ನು ನೇರವಾಗಿ ಎದುರಿಸಬೇಕು. ಈರಮ್ಮನವರ ಹಾಡು ಹೊತ್ತು ಕಳೆಯುವ ಹವ್ಯಾಸವಾಗಿರಲಿಲ್ಲ. ಊರೂರು ತಿರುಗಿ, ಮನೆಮನೆಯ ಮುಂದೆ ಹಾಡಿ, ಸಿಕ್ಕ ಕಾಳಿನಿಂದ ಹೊಟ್ಟೆ ಹೊರೆಯುವ ಜನರ ಕಸುಬು ಅದು. ಯಾವ ಗುಡಿಯ ಜಗಲಿಯ ಮೇಲೆ ಭಜನೆ ನಡೆಯುತ್ತಿತ್ತೋ ಆ ಜಗಲಿಯ ಮೇಲೆ ಅವರಂಥವರಿಗೆ ಜಾಗವಿರಲಿಲ್ಲ. ನಾವು ಹೊಗಳುವ ಅನೇಕ ಕೂಟಗಳು ಜಾತಿಯ ಗೆರೆಯೊಳಗಿನವು, ಗಂಡಸರ ಕೂಟಗಳು, ಹೊರಗಿದ್ದವರ ಮುದಿತನವನ್ನು ಕಣ್ಣೆತ್ತಿಯೂ ನೋಡದಂಥವು. ಹಳೆಯದೆಲ್ಲ ಚೆಂದವಿತ್ತು ಎನ್ನುವವರಿಗೆ ಈ ಮಾತು ಕಹಿಯಾಗಬಹುದು, ಆದರೆ ಇದನ್ನು ನುಂಗಿಕೊಂಡೇ ಮುಂದೆ ಹೋಗಬೇಕು. ಎರಡನೆಯದಾಗಿ, ಹಸಿದ ಹೊಟ್ಟೆಗೆ ಕೂಟದ ಮಾತು ಯಾಕೆ ಎಂದು ಕೇಳುವವರೂ ಇದ್ದಾರೆ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ ಸಿಗುವ 1,200 ರೂಪಾಯಿ ಬಿಪಿ ಸಕ್ಕರೆ ಮಾತ್ರೆಗೇ ಮುಗಿಯುತ್ತದೆ; ಮೊದಲು ಅದನ್ನು ಏರಿಸಿ, ಆಮೇಲೆ ಭಜನೆಯ ಮಾತಾಡಿ ಎನ್ನುತ್ತಾರೆ. ಪಿಂಚಣಿ ಏರಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ಯಾವ ಕೂಟವೂ ಅದಕ್ಕೆ ಬದಲಿಯಾಗದು. ಆದರೆ ಈರಮ್ಮನವರ ಬದುಕನ್ನೇ ಸರಿಯಾಗಿ ನೋಡಿದರೆ ಕೂಲಿಯೂ ಕೂಟವೂ ಅಲ್ಲಿ ಬೇರೆಬೇರೆಯಾಗಿರಲಿಲ್ಲ ಎಂದು ಕಾಣುತ್ತದೆ. ಹಾಡಿದ್ದಕ್ಕೆ ಕಾಳು ಸಿಗುತ್ತಿತ್ತು, ಕಾಳಿಗಾಗಿ ಹಾಡು ಬೆಳೆಯುತ್ತಿತ್ತು. ನೀನು ಬೇಕು ಎಂದು ಒಬ್ಬರಿಗೆ ಹೇಳುವ ಅತ್ಯಂತ ಪ್ರಾಮಾಣಿಕ ರೀತಿಗಳಲ್ಲಿ ದುಡ್ಡು ಕೊಡುವುದೂ ಒಂದು. ಹಿರಿಯರ ಕೆಲಸವೆಂದರೆ ಸೇವೆ, ಪುಕ್ಕಟೆ ಆಶೀರ್ವಾದ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ವಯಸ್ಸಾದ ಕಲಾವಿದರಿಗೆ ಸರಕಾರ ಮಾಸಾಶನ ಕೊಡುತ್ತದೆ. ಅದು ಹಿಂದೆ ಮಾಡಿದ್ದಕ್ಕೆ ಕೊಡುವುದು. ಈ ವರ್ಷ ಇಬ್ಬರಿಗೆ ಕಲಿಸಿ, ಅದಕ್ಕೆ ತಕ್ಕ ಸಂಬಳ ತೆಗೆದುಕೊಳ್ಳಿ ಎನ್ನುವ ಏರ್ಪಾಟು ಹಳ್ಳಿಯ ಮಟ್ಟಕ್ಕೆ ಇನ್ನೂ ಇಳಿದಿಲ್ಲ.

ದರೋಜಿಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳನ್ನು ಬಳಸಿ ಸಂಡೂರಿಗೆ ಹೊರಳಿದರೆ ಮಣ್ಣಿನ ಬಣ್ಣವೇ ಬದಲಾಗುತ್ತದೆ. ಬೆಟ್ಟಗಳ ನಡುವಿನ ಈ ಕಣಿವೆ ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಈಗ ದೇಶಕ್ಕೆ ಗೊತ್ತಿರುವುದು ಅದಿರಿನಿಂದ. ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳಲ್ಲಿ ಹರೆಯದವರೆಲ್ಲ ಲಾರಿಯ ಹಿಂದೆ ಬಿದ್ದರು. ಹೊಲ ಕೆಂಪು ಧೂಳಿನಲ್ಲಿ ಮುಚ್ಚಿತು. ರಾತ್ರಿ ತಾಲೀಮಿಗೆ ಕೂರಲು ಹುಡುಗರಿಗೆ ಪುರುಸೊತ್ತಿರಲಿಲ್ಲ. ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, 2011ರ ಜುಲೈ ಕೊನೆಯಲ್ಲಿ, ಅಂದರೆ ಹಂಪಿಯ ರಥಬೀದಿ ತೆರವಾದ ಹೊತ್ತಿನಲ್ಲೇ, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತವು, ದುಡ್ಡು ನಿಂತಿತು. ಬಂದಷ್ಟೇ ವೇಗದಲ್ಲಿ ಹೋದ ಆ ಹಣ ಹಿರಿಯರು ಕಿರಿಯರು ಒಟ್ಟಿಗೆ ಕೂರುವ ಸಂಜೆಗಳನ್ನು ಕಿತ್ತುಕೊಂಡುಹೋಗಿತ್ತು. ಒಮ್ಮೆ ಕಡಿದ ಕಲಿಕೆಯ ಸರಪಳಿ ಗಣಿ ಮುಚ್ಚಿದ ಮಾತ್ರಕ್ಕೆ ತಾನಾಗಿ ಕೂಡಿಕೊಳ್ಳುವುದಿಲ್ಲ.

ಇದೇ ಕಣಿವೆಯಲ್ಲಿ ಕಡಿಯದೆ ಉಳಿದ ಒಂದು ಎಳೆ ಲಂಬಾಣಿ ಹೆಂಗಸರ ಸೂಜಿಯದು. ಸಂಡೂರು ಕುಶಲಕಲಾ ಕೇಂದ್ರ ನಾಲ್ಕು ದಶಕಗಳಷ್ಟು ಕಾಲದಿಂದ ಸುಶೀಲಾನಗರವೇ ಮೊದಲಾದ ತಾಂಡಾಗಳ ಹೆಂಗಸರಿಗೆ ಕಸೂತಿಯ ಕೆಲಸ ಕೊಡುತ್ತ ಬಂದಿದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಗಿಂತ ನನಗೆ ದೊಡ್ಡದಾಗಿ ಕಾಣುವುದು ಕೆಲಸದ ಕ್ರಮ. ಬಟ್ಟೆಯನ್ನು ಮಂಡಿಯ ಮೇಲೆ ಹರಡಿಕೊಂಡು ಗುಂಪಾಗಿ ಕೂರುತ್ತಾರೆ. ಕಿಲನ್, ವೇಲೆ, ಮಾಕಿ, ನಕ್ರಾ ಎಂದು ಹೊಲಿಗೆಗೊಂದು ಹೆಸರು. ಯಾವ ಹೊಲಿಗೆ ಅಂಚಿಗೆ, ಯಾವುದು ತುಂಬುವುದಕ್ಕೆ, ಕನ್ನಡಿ ಬಿಲ್ಲೆಯ ಸುತ್ತ ದಾರ ಎಷ್ಟು ಬಿಗಿಯಾದರೆ ಬಟ್ಟೆ ಸುಕ್ಕಾಗದು ಎಂಬುದು ಪುಸ್ತಕದಲ್ಲಿ ಓದಿ ಬರುವ ವಿದ್ಯೆಯಲ್ಲ. ತಾಯಿಯ, ಅತ್ತೆಯ ಕೈ ನೋಡಿ ಬರುವಂಥದು. ಕಣ್ಣು ಮಂಜಾದ ಮೇಲೆ ಸೂಜಿಗೆ ದಾರ ಪೋಣಿಸಲು ಮೊಮ್ಮಗಳು ಬೇಕು, ಆದರೆ ಹೊಲಿದದ್ದರ ಮೇಲೆ ಬೆರಳಾಡಿಸಿ ಇದನ್ನು ಬಿಚ್ಚು ಎಂದು ಹೇಳಲು ಅಜ್ಜಿಯೇ ಬೇಕು. ಮದುವೆಯ ಕಾಂಚಳಿ, ಫೇಟಿಯಾಗಳನ್ನು ಮನೆಮಂದಿಗಾಗಿ ಹೊಲಿಯುತ್ತಿದ್ದ ಕಾಲದಲ್ಲೂ ಅವಳಿಗೆ ಈ ಅಧಿಕಾರವಿತ್ತು. ಈಗ ಕೇಂದ್ರದ ಮೂಲಕ ಅದಕ್ಕೆ ಕೂಲಿಯೂ ಸೇರಿದೆ. ಜಗಲಿಯ ಮೇಲೆ ಜಾಗವಿಲ್ಲದವರಿಗೆ ಕೂಟ ಹೇಗೆ ಕಟ್ಟಬಹುದು ಎಂಬುದಕ್ಕೆ ಈ ದಾರಿಯಲ್ಲಿ ಸಿಗುವ ಗಟ್ಟಿ ಉದಾಹರಣೆ ಇದು.

ಹೆಂಗಸರ ಮಾತು ಬಂದಾಗ ಬೇರೊಂದು ಆಕ್ಷೇಪ ಏಳುತ್ತದೆ. ಹಿರಿಯರಿಗೆ ಕೆಲಸ ಬೇಕು, ಪಾತ್ರ ಬೇಕು ಎಂದು ಗಂಡಸರು ಹೇಳಬಹುದು. ಮುದುಕಿಗೆ ಕೆಲಸ ಎಂದು ತಾನೆ ಬಿಟ್ಟಿದೆ? ಮೊಮ್ಮಕ್ಕಳನ್ನು ನೋಡಿಕೊಳ್ಳುವುದು, ಒಲೆ, ಹಿತ್ತಲು, ಕಾಯಿಲೆ ಬಿದ್ದ ಗಂಡ, ಎಲ್ಲ ಅವಳ ತಲೆಯ ಮೇಲೇ. ಅವಳಿಗೆ ಬೇಕಾದುದು ವಿಶ್ರಾಂತಿ ಎನ್ನುತ್ತಾರೆ. ಒಪ್ಪುತ್ತೇನೆ, ಅರ್ಧ ಮಾತ್ರ. ಮನೆಯಲ್ಲಿ ಅವಳು ಬೇಕಾಗಿರುವುದು ಯಾರೂ ಮಾಡದ ಕೆಲಸಕ್ಕೆ. ಭಜನೆಯಲ್ಲಿ, ಕಸೂತಿಯಲ್ಲಿ, ಮದುವೆಯ ಸೋಬಾನೆಯಲ್ಲಿ ಬೇಕಾಗಿರುವುದು ಅವಳಿಗೆ ಮಾತ್ರ ಬರುವ ಕೆಲಸಕ್ಕೆ. ಎರಡರ ತೂಕ ಒಂದೇ ಅಲ್ಲ. 2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ, ಹುಣ್ಣಿಮೆಗೆ ಹೊಸಪೇಟೆಯಿಂದ ಮುನಿರಾಬಾದಿನ ಹುಲಿಗೆಮ್ಮನ ಗುಡಿಗೆ ಹೋಗುವ ಬಸ್ಸುಗಳನ್ನು ನೋಡಿದರೆ ಸಾಕು, ವಯಸ್ಸಾದ ಹೆಂಗಸರು ಹೊರಗೆ ಹೋಗದಿದ್ದುದು ಮನಸ್ಸಿಲ್ಲದೆ ಅಲ್ಲ, ಕೈಯಲ್ಲಿ ಟಿಕೆಟಿನ ಕಾಸಿಲ್ಲದೆ ಎಂದು ತಿಳಿಯುತ್ತದೆ. ಮಗನ ಮುಂದೆ ಕೈಚಾಚದೆ ಗೆಳತಿಯೊಂದಿಗೆ ಹೊರಡುವುದು ಅವರಲ್ಲಿ ಎಷ್ಟೋ ಮಂದಿಗೆ ಹೊಸ ಅನುಭವ. ತಾಕೆತೊಯೊದಲ್ಲಿ ಕೂಟವನ್ನು ಮನೆಯ ಹತ್ತಿರ ತಂದು ದೂರ ಕಡಿಮೆ ಮಾಡಿದರು, ಇಲ್ಲಿ ಬಸ್ಸು ಕಡಿಮೆ ಮಾಡಿತು. ಆದರೆ ಭಜನೆ ಮುಗಿಯುವುದು ರಾತ್ರಿ, ತಾಲೀಮು ಮುಗಿಯುವುದು ಇನ್ನೂ ತಡವಾಗಿ. ಆ ಹೊತ್ತಿಗೆ ಬೇಕಾದುದು ಬಸ್ಸಿಗಿಂತ ಹೆಚ್ಚಾಗಿ ಓಣಿಯ ದೀಪ, ಚರಂಡಿಯ ಮೇಲೆ ಗಟ್ಟಿ ಕಲ್ಲುಚಪ್ಪಡಿ, ಗುಡಿಯ ಮೆಟ್ಟಿಲಿಗೊಂದು ಹಿಡಿಕೆ.

ಇವಕ್ಕೆಲ್ಲ ದುಡ್ಡೆಲ್ಲಿ ಎನ್ನುವಂತಿಲ್ಲ, ಕೊನೆಯ ಪಕ್ಷ ಸಂಡೂರಿನ ಸೀಮೆಯಲ್ಲಿ. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಗಣಿ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟುತ್ತವೆ. ಆ ಹಣವನ್ನು ಮೊದಲು ಯಾವುದಕ್ಕೆ ಬಳಸಬೇಕೆಂಬ ಪಟ್ಟಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಗಳ ಜೊತೆಗೆ ವಯಸ್ಸಾದವರ ಮತ್ತು ಅಂಗವಿಕಲರ ಯೋಗಕ್ಷೇಮವೂ ಹೆಸರಿಸಿಯೇ ಇದೆ. ಇಂಥ ಹಣ ಬಂದಾಗ ನಮ್ಮ ಕಚೇರಿಗಳಿಗೆ ಮೊದಲು ಹೊಳೆಯುವುದು ಕಟ್ಟಡ. ಹಿರಿಯರ ಭವನವೊಂದನ್ನು ಊರಾಚೆ ಕಟ್ಟಿ, ಬೀಗ ಹಾಕಿ, ಅಕ್ಟೋಬರ್ 1ಕ್ಕೆ ತೆಗೆಯುವುದು ಸುಲಭ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು, ಈಗ ಅರಿವು ಕೇಂದ್ರ ಎಂದು ಹೆಸರಾದವು, ಊರ ನಡುವೆಯೇ ಇವೆ. ಮಕ್ಕಳು ಸಂಜೆ ಅಲ್ಲಿಗೆ ಬರುತ್ತಾರೆ, ಅಲ್ಲಿ ಯಾವ ಜಾತಿಯವರನ್ನೂ ಹೊರಗೆ ನಿಲ್ಲಿಸುವಂತಿಲ್ಲ. ವಾರಕ್ಕೆ ಎರಡು ಸಂಜೆ ಆ ಮಕ್ಕಳಿಗೆ ಕಥೆ, ಪದ, ಹೆಜ್ಜೆ ಕಲಿಸುವ ಹಿರಿಯರಿಗೆ ಗೌರವಧನ ಕೊಡಬಹುದು. ಒಡೆದ ಪೇಟಿ, ಹರಿದ ಚರ್ಮವಾದ್ಯಗಳನ್ನು ದುರಸ್ತಿ ಮಾಡಿಸಿಕೊಡಬಹುದು. ಲಂಬಾಣಿ ಅಜ್ಜಿಯರಿಗೆ ತಾಂಡಾದಲ್ಲೇ ಕಣ್ಣಿನ ಪರೀಕ್ಷೆ ಮಾಡಿಸಿ ಕನ್ನಡಕ ಕೊಡಿಸಬಹುದು. ಎಲ್ಲಕ್ಕಿಂತ ಮುಂಚೆ ಆಗಬೇಕಾದ ಕೆಲಸಕ್ಕೆ ದುಡ್ಡೂ ಹೆಚ್ಚು ಬೇಕಿಲ್ಲ. ಕುಮಾರರಾಮನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹಾಡಬಲ್ಲವರು, ಬಯಲಾಟದ ಪ್ರತಿ ಇಟ್ಟುಕೊಂಡ ಮಾಸ್ತರರು, ರಿವಾಯತ್ ಪದ ಬಲ್ಲವರು, ಎಲ್ಲ ಹೊಲಿಗೆಗಳೂ ಕೈಯಲ್ಲಿರುವ ಹೆಂಗಸರು ಕಂಪ್ಲಿ, ಸಂಡೂರು, ಹೊಸಪೇಟೆ ತಾಲ್ಲೂಕುಗಳಲ್ಲಿ ಈಗ ಯಾರು ಯಾರಿದ್ದಾರೆ ಎಂದು ಪಂಚಾಯಿತಿವಾರು ಬರೆದಿಡುವುದು, ಎಪ್ಪತ್ತು ದಾಟಿದವರ ಮನೆಗಳಿಂದಲೇ ಶುರುಮಾಡಿ, ಈ ವರ್ಷದ ಶ್ರಾವಣ ಮುಗಿಯುವುದರೊಳಗೆ.